ಒಂಬತ್ತು ದಿನ ಮಾಮ ಕೇಳಿದ ಪ್ರಶ್ನೆ

ನನ್ನ ಮಾಮ ಸಿನಿಮಾ ಟಾಕೀಸಿನ ಗೇಟ್‌ಕೀಪರ್. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದರೂ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಆಟ ಮುಗಿಯುವ ಹತ್ತು ನಿಮಿಷ ಮೊದಲು ಒಳಗೆ ಬಂದು, ಎಡಗಡೆಯ ಹೊರಬಾಗಿಲಿನ ಚಿಲಕ ಹಿಡಿದು ನಿಲ್ಲುತ್ತಿದ್ದ. ಹಾಗಾಗಿ ಎಲ್ಲ ಸಿನಿಮಾಗಳ ಕೊನೆ ಅವನಿಗೆ ಬಾಯಿಪಾಠ, ಯಾವುದರ ಆರಂಭವೂ ಗೊತ್ತಿಲ್ಲ. ಯಾರು ಯಾರನ್ನು ಯಾಕೆ ಕ್ಷಮಿಸಿದರು ಅಂತ ಕೇಳಿದರೆ, "ಅದೇನೋ ಜಗಳ ಆಗಿರುತ್ತೆ ಬಿಡು, ಕೊನೇಲಿ ಸರಿ ಹೋಯ್ತಲ್ಲ" ಅನ್ನುತ್ತಿದ್ದ.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಹೊಸ ಸಿನಿಮಾ ಬಂದ ಮೊದಲ ಹತ್ತು ದಿನ, ಪ್ರತಿ ಆಟ ಬಿಟ್ಟಾಗ ಜನರ ಅಭಿಪ್ರಾಯ ಕೇಳಿ ಬರೆದುಕೊಳ್ಳಬೇಕು. ಅದನ್ನು ಓದಿ ಮ್ಯಾನೇಜರ್ ಸಿನಿಮಾ ಇಟ್ಟುಕೊಳ್ಳುವುದೋ ಎತ್ತಂಗಡಿ ಮಾಡುವುದೋ ತೀರ್ಮಾನಿಸುತ್ತಿದ್ದರು. ಈ ವಿದ್ಯೆಯಲ್ಲಿ ಮಾಮನದು ಪಳಗಿದ ಕೈ. ಮೆಟ್ಟಿಲು ಇಳಿಯುವ ಮೊದಲು ಆಡಿದ ಮಾತು ನಿಜ, ಇಳಿದ ಮೇಲೆ ಆಡಿದ್ದು ಮರ್ಯಾದೆಗೆ ಅನ್ನುವುದು ಅವನ ಲೆಕ್ಕಾಚಾರ. ಹೊರಗೆ ಬಂದವರು ಕೂಡಲೇ ಮನೆಗೆ ಏನು ಸಾಮಾನು ಒಯ್ಯಬೇಕು ಅಂತ ಮಾತು ಶುರು ಮಾಡಿದರೆ ಆ ಸಿನಿಮಾದ ಕಥೆ ಮುಗಿಯಿತು ಅಂತಲೇ ಅರ್ಥ.

ನಾನು ಅವನ ಬಳಿಗೆ ಬಂದಾಗ ನನಗೆ ಏಳು ವರ್ಷ, ಅವನಿಗೆ ನಲವತ್ತೊಂಬತ್ತು. ಮದುವೆ ಆಗಿರಲಿಲ್ಲ. "ನಾನು ಲೋಕಕ್ಕೆ ಮಾಡಿದ ಒಂದೇ ಉಪಕಾರ ಅದು" ಅಂತ ತಾನೇ ನಗುತ್ತಿದ್ದ. ನನ್ನಪ್ಪ ನಾನು ತೊಟ್ಟಿಲಲ್ಲಿರುವಾಗಲೇ ನಮ್ಮನ್ನು ಬಿಟ್ಟು ಹೋದವನು. ಅವನ ಸುದ್ದಿ ಎತ್ತಿ ಬಾಯಿ ಯಾಕೆ ಕೆಡಿಸಿಕೊಳ್ಳಲಿ. ಅಮ್ಮ ಮಾಮನ ತಂಗಿ. ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಎಲ್ಲ ಕಾರ್ಯ ಮುಗಿದ ಮೇಲೆ ದೊಡ್ಡಮ್ಮ, ಅಂದರೆ ಮಾಮನ ಅಕ್ಕ, ತೀರ್ಪು ಕೊಟ್ಟಳು: "ಮನೇಲಿ ಸುಣ್ಣಬಣ್ಣ ನಡೀತಿದೆ. ಎರಡು ವಾರ ನಿನ್ನ ಹತ್ರ ಇರಲಿ. ಆಮೇಲೆ ಬಂದು ಕರ್ಕೊಂಡು ಹೋಗ್ತೀನಿ. ನನಗೆ ಮೂರಿದೆ, ನಾಲ್ಕನೇದು ಇದು." ದೊಡ್ಡಮ್ಮ ಒಳ್ಳೆಯವಳೇ. ಅವಳು ಹೇಳಿದ ಮೇಲೆ ಮುಗಿಯಿತು, ಮಾಮ ಅಕ್ಕನ ಮುಂದೆ ಬಾಯಿ ಬಿಟ್ಟವನೇ ಅಲ್ಲ.

ಮನೆಯಲ್ಲಿ ನನ್ನೊಬ್ಬಳನ್ನೇ ಬಿಡಲಾಗದೆ ಮಾಮ ಟಾಕೀಸಿಗೇ ಕರೆದೊಯ್ದ. ತಲೆ ಬಾಚಲು ಅವನಿಗೆ ಬರುತ್ತಿರಲಿಲ್ಲ. ಟಿಕೆಟ್ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್‌ನಿಂದ ನನ್ನ ಕೂದಲು ಬಿಗಿದ, ನಾನು ಕಿರುಚಿದೆ. ಟಿಕೆಟ್ ಕೊಡುವ ಅಕ್ಕ ಕೌಂಟರ್ ಬಿಟ್ಟು ಓಡಿ ಬಂದು, "ಅಯ್ಯೋ ನಿನ್ ಕೈಗಿಷ್ಟು! ಅದು ಮಗು ಕಣಯ್ಯಾ, ಮೂಟೆ ಅಲ್ಲ" ಅಂತ ಬೈದು ಬಿಡಿಸಿದಳು. ಆ ಹೊತ್ತಿಗೆ ಮಾಮನ ಮುಖ ನನ್ನ ಮುಖಕ್ಕಿಂತ ಅಳುಮುಂಜಿಯಾಗಿತ್ತು.

ಆ ವಾರ ಬಂದದ್ದು ಒಂದು ನಗೆಯ ಸಿನಿಮಾ. ನಲವತ್ತು ದಾಟಿದ ಒಬ್ಬ ಒಂಟಿ ಬಸ್ ಕಂಡಕ್ಟರ್. ಕೊನೆಯ ಸ್ಟಾಪಿನಲ್ಲಿ ಹಿಂದಿನ ಸೀಟಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ನಿದ್ದೆ ಹೋಗಿರುತ್ತಾಳೆ. ಎಬ್ಬಿಸಿದರೆ ಎಲ್ಲರ ಮುಂದೆ ಅವನನ್ನೇ "ಅಪ್ಪಾ" ಅಂದುಬಿಡುತ್ತಾಳೆ. ಊರೆಲ್ಲ ನಂಬುತ್ತದೆ, ಇಂಟರ್ವಲ್ ಹೊತ್ತಿಗೆ ಅವನೂ ನಂಬುತ್ತಾನೆ. ಕೊನೆಗೆ ಮಗುವಿನ ನೆಂಟರು ದೊಡ್ಡ ಕಾರಿನಲ್ಲಿ ಬರುತ್ತಾರೆ. ಹತ್ತು ನಿಮಿಷ ವಾದ ಆಗಿ, ಮಗು ಕಂಡಕ್ಟರನ ಹತ್ತಿರವೇ ಉಳಿಯುತ್ತದೆ.

ಮಾಮ ನೋಡುತ್ತಿದ್ದದ್ದು ಆ ಹತ್ತು ನಿಮಿಷವನ್ನೇ. ಮೊದಲ ದಿನ ಚಿಲಕ ತೆಗೆಯುವುದನ್ನೇ ಮರೆತ. ಜನ ಬಾಗಿಲು ಗುದ್ದಿದರು.

ಆಮೇಲೆ ಮೆಟ್ಟಿಲ ತುದಿಯಲ್ಲಿ ಪುಸ್ತಕ ಹಿಡಿದು ನಿಂತ. ನಾನು ಅವನ ಅಂಗಿಯ ಚುಂಗು ಹಿಡಿದು ಪಕ್ಕದಲ್ಲಿದ್ದೆ. ಒಬ್ಬ ಮೇಷ್ಟ್ರು, "ಮೊದಲರ್ಧ ಚುರುಕು, ಎರಡನೇ ಅರ್ಧ ಸ್ವಲ್ಪ ಎಳೆದಿದ್ದಾರೆ" ಅಂದರು.

"ಅದಿರಲಿ ಸಾರ್" ಅಂದ ಮಾಮ. "ಅವನು ಆ ಮಗೂನ ಇಟ್ಕೊಂಡಿದ್ದು ಸರಿನಾ?"

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಅದೊಂದು ಗಂಭೀರ ಪ್ರಶ್ನೆ" ಅಂದು ಮೆಟ್ಟಿಲು ಇಳಿದು ಹೋದರು.

ಅಲ್ಲಿಂದ ಮಾಮನಿಗೆ ಅದೇ ಹುಚ್ಚು ಹಿಡಿಯಿತು. ಸಿನಿಮಾ ಹೇಗಿತ್ತು ಅಂತ ಕೇಳುವುದನ್ನೇ ಬಿಟ್ಟ. ಒಬ್ಬಳು ಹೆಂಗಸು ಗಂಡನನ್ನು ತೋರಿಸಿ, "ಸರಿ ಕಣಣ್ಣಾ. ಇವರಿಗೆ ಸ್ವಂತ ಮಗು ಯಾವ ಕ್ಲಾಸು ಅಂತಾನೇ ಗೊತ್ತಿಲ್ಲ, ಇಂಥೋರೆಲ್ಲ ಅಪ್ಪ ಆಗಿದ್ದಾರೆ" ಅಂದಳು. ಒಬ್ಬ ಅಜ್ಜಿ ನಗುತ್ತಾ, "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಇವನು ಹೆರದೇನೇ ಮುದ್ದು ಮಾಡ್ತಾನಲ್ಲಪ್ಪಾ!" ಅಂದಳು. ಲಾರಿ ಡ್ರೈವರೊಬ್ಬ ಕಣ್ಣೊರೆಸಿಕೊಂಡು, "ಧೂಳು, ಧೂಳು" ಅಂತ ಬಿರಬಿರನೆ ಇಳಿದು ಹೋದ. ಮಾಮ ಅದನ್ನು "ಸರಿ" ಅಂತ ಬರೆದುಕೊಂಡ.

ಎಲ್ಲರೂ ಹಾಗೆ ಹೇಳಲಿಲ್ಲ. ನರ್ಸ್ ಸಮವಸ್ತ್ರದಲ್ಲಿದ್ದ ಒಬ್ಬಳು, "ಈಗೇನೋ ಸರಿ. ಹುಡುಗಿ ದೊಡ್ಡೋಳಾದಾಗ ಆ ಗಂಡಸು ಏನ್ ಮಾಡ್ತಾನೆ? ಯಾರನ್ನ ಕೇಳ್ತಾಳೆ ಅವಳು?" ಅಂದಳು. ಐದನೇ ದಿನ ಇಸ್ತ್ರಿ ಅಂಗಡಿಯವನು ಹೇಳಿದ್ದಂತೂ ಮಾಮನಿಗೆ ನಾಟಿಬಿಟ್ಟಿತು. "ಸಿನಿಮಾದಲ್ಲಿ ಎಲ್ಲಾ ಸರೀನೇ ಗುರುವೇ. ಮನೇಲಿ ಮಗೂಗೆ ಜ್ವರ ಬಂದ್ರೆ ಹಾಡು ಹೇಳ್ಕೊಂಡು ಕೂರಕ್ಕಾಗುತ್ತಾ?" ಮಾಮನ ಪೆನ್ನು ನಿಂತಿತು. ಅವತ್ತು ಮನೆಗೆ ಬರುವ ದಾರಿಯಲ್ಲಿ ಮೂರು ಸಲ ನನ್ನ ಹಣೆ ಮುಟ್ಟಿ ನೋಡಿದ.

ಒಂಬತ್ತನೇ ದಿನ ಮಧ್ಯಾಹ್ನದ ಆಟಕ್ಕೆ ಮೊದಲು ಮ್ಯಾನೇಜರ್ ಪುಸ್ತಕ ತರಿಸಿಕೊಂಡು ಓದಿದರು. "ಏನಯ್ಯಾ ಇದು? 'ಇಟ್ಕೊಳ್ಳಲಿ', 'ಕಳಿಸಲಿ', 'ಇಟ್ಕೊಳ್ಳಲಿ', 'ಯೋಚನೆ ಮಾಡಲಿ'... ಸಿನಿಮಾ ಓಡುತ್ತಾ ಅಂತ ಕೇಳು ಅಂದ್ರೆ ನೀನು ಊರ ಪಂಚಾಯ್ತಿ ಮಾಡಿಸ್ತಿದ್ದೀಯಲ್ಲ!" ಅಂತ ರೇಗಿದರು. ಹಾಗೆ ರೇಗುತ್ತಲೇ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದರು. ಮತ್ತೆ ಪುಸ್ತಕ ನೋಡಿದರು. ಆಮೇಲೆ ಮೆತ್ತಗೆ, "ನಿಮ್ಮಕ್ಕ ಯಾವಾಗ ಬರ್ತಾರೆ?" ಅಂದರು.

"ನಾಡಿದ್ದು ಸಾರ್."

"ಹೂಂ. ಹೋಗು, ಕೆಲಸ ನೋಡು." ಪುಸ್ತಕ ಅವನ ಕೈಗೇ ವಾಪಸು ಕೊಟ್ಟರು. ಆ ಮನುಷ್ಯನಿಗೂ ನನ್ನದೊಂದು ನಮಸ್ಕಾರ.

ಆಟ ಬಿಟ್ಟಿತು, ಜನ ಖಾಲಿಯಾದರು. ಆ ಸಲ ಮಾಮ ಯಾರನ್ನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು, "ಇಷ್ಟು ಜನ ಇಷ್ಟು ಥರ ಹೇಳಿದ್ರೆ ನಾನು ಯಾರ ಮಾತು ಕೇಳ್ಲಿ?" ಅಂತ ತನ್ನಷ್ಟಕ್ಕೆ ಗೊಣಗಿದ.

ನನಗೆ ಆಗಲೂ ಕೋಪ ಮೂಗಿನ ತುದಿಯಲ್ಲೇ. ಒಂಬತ್ತು ದಿನದಿಂದ ಅದೇ ಸಿನಿಮಾ ನೋಡಿ ನೋಡಿ, ಅದೇ ಪ್ರಶ್ನೆ ಕೇಳಿ ಕೇಳಿ ರೋಸಿ ಹೋಗಿದ್ದೆ. "ಕೆಟ್ಟ ಸಿನಿಮಾ ಇದು!" ಅಂದೆ.

ಮಾಮ ತಲೆ ಎತ್ತಿದ. "ಯಾಕೆ ಪುಟ್ಟೀ? ಎಲ್ಲರೂ ನಗ್ತಾರಲ್ಲ?"

"ಆ ಹುಡುಗಿ ಅಷ್ಟೊಂದು ಮಾತಾಡ್ತಾಳೆ. ಕೊನೇಲಿ ಎಲ್ಲಾ ದೊಡ್ಡೋರೂ ಕಿತ್ತಾಡ್ತಾರೆ, ಅವಳು ಮೂಲೇಲಿ ಬಾಳೆಹಣ್ಣು ತಿಂತಾ ಕೂತಿರ್ತಾಳೆ. ನಿಂಗೆ ಯಾರ ಹತ್ರ ಇರ್ಬೇಕು ಅಂತ ಅವಳನ್ನ ಯಾರೂ ಕೇಳೋದೇ ಇಲ್ಲ. ನೀನೂ ಕೇಳಲ್ಲ!"

ಕೊನೆಯ ಮಾತು ಹೇಗೆ ಹೊರಬಿತ್ತೋ ನನಗೇ ಗೊತ್ತಿಲ್ಲ. ಹೇಳಿ ಗಳಗಳನೆ ಅತ್ತೆ. ಮಾಮ ಪುಸ್ತಕ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡ. "ತಪ್ಪಾಯ್ತು ಕಣಮ್ಮಾ" ಅಂದ. ದೊಡ್ಡವರೊಬ್ಬರು ನನ್ನ ಹತ್ತಿರ ತಪ್ಪಾಯ್ತು ಅಂದದ್ದು ಅದೇ ಮೊದಲು.

ಆದರೂ ಅಲ್ಲಿ ನನ್ನನ್ನು ಕೇಳಲಿಲ್ಲ. ಅಕ್ಕನ ಬೆನ್ನ ಹಿಂದೆ ಕೇಳಿದರೆ ಕದ್ದಂತೆ ಆಗುತ್ತದೆ ಅಂತ ಅವನಿಗೆ ಅನ್ನಿಸಿತ್ತಂತೆ. ಇದನ್ನು ಬಹಳ ವರ್ಷಗಳ ನಂತರ ಹೇಳಿದ.

ಹೇಳಿದ ದಿನವೇ ದೊಡ್ಡಮ್ಮ ಬೆಳಿಗ್ಗೆ ಹತ್ತಕ್ಕೆ ಬಂದಳು. ನನಗೆ ಹೊಸ ಲಂಗ ತಂದಿದ್ದಳು. ಮಾಮನ ಮನೆಯ ಒಂದೂವರೆ ಕೋಣೆಯನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು, ನನ್ನ ಬಟ್ಟೆ ಚೀಲಕ್ಕೆ ತುಂಬತೊಡಗಿದಳು.

"ಅಕ್ಕಾ, ಒಂದ್ನಿಮಿಷ" ಅಂದ ಮಾಮ. "ಅವಳನ್ನೊಂದು ಮಾತು ಕೇಳಿಬಿಡೋಣ."

"ಏಳು ವರ್ಷದ ಮಗೂನ? ಮಕ್ಕಳನ್ನ ಕೇಳಿ ಯಾರಾದ್ರೂ ಸಂಸಾರ ಮಾಡ್ತಾರೇನೋ?"

"ಮಾಡಲ್ಲ. ಆದ್ರೂ ಕೇಳೋಣ. ನಿನ್ ಜೊತೆ ಬರ್ತೀನಿ ಅಂದ್ರೆ ನಾನೇ ಬಸ್ ಹತ್ತಿಸ್ತೀನಿ."

ಅಕ್ಕನ ಮಾತಿಗೆ ಅವನು ಎದುರಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ದೊಡ್ಡಮ್ಮ ಮಡಚುತ್ತಿದ್ದ ಬಟ್ಟೆ ಬಿಟ್ಟು ಕೂತಳು. ಮಾಮ ನನ್ನ ಮುಂದೆ ಮಂಡಿಯೂರಿದ. "ನೋಡು ಪುಟ್ಟೀ, ದೊಡ್ಡಮ್ಮನ ಮನೇಲಿ ಅಣ್ಣ ಅಕ್ಕಂದಿರೆಲ್ಲ ಇದ್ದಾರೆ, ಅಂಗಳ ಇದೆ, ಹೊತ್ತೊತ್ತಿಗೆ ಊಟ. ಇಲ್ಲಿ ನಾನೊಬ್ಬನೇ. ಸುಳ್ಳು ಹೇಳಲ್ಲ, ನಂಗೆ ಏನೂ ಬರಲ್ಲ. ಎಲ್ಲಾ ಕಲೀಬೇಕು. ನೀನೇ ಹೇಳು, ನಿಂಗೆ ಎಲ್ಲಿರ್ಬೇಕು?"

ನಾನು ಹೊಸ ಲಂಗ ನೋಡಿದೆ. ದೊಡ್ಡಮ್ಮನನ್ನು ನೋಡಿದೆ. "ದೊಡ್ಡಮ್ಮಂಗೆ ಮೂರು ಮಕ್ಕಳಿದ್ದಾರೆ" ಅಂದೆ. "ಮಾಮಂಗೆ ನಾನು ಒಬ್ಬಳೇ."

ದೊಡ್ಡಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ಚೀಲದಿಂದ ನನ್ನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟಳು. "ಇವಳನ್ನ ನಿನ್ ಕೈಗೆ ಒಪ್ಪಿಸೋಕೆ ನಂಗೆ ಧೈರ್ಯ ಇಲ್ಲ ಕಣೋ" ಅಂದಳು. "ಅದಕ್ಕೇ ನಿನ್ನನ್ನೇ ಇವಳ ಕೈಗೆ ಒಪ್ಪಿಸಿ ಹೋಗ್ತೀನಿ. ಪುಟ್ಟೀ, ಹುಷಾರಾಗಿ ನೋಡ್ಕೋ ಇವನನ್ನ."

ಅದಾಗಿ ಇಪ್ಪತ್ತೇಳು ವರ್ಷ. ಜ್ವರ ಬಂತು, ಮಾಮ ಹಾಡಲಿಲ್ಲ. ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ. ನಾನು ದೊಡ್ಡವಳಾದೆ, ಮಾಮ ಟಿಕೆಟ್ ಅಕ್ಕನನ್ನು ಮನೆಗೆ ಕರೆತಂದು, ತಾನು ಹೊರಗೆ ಬೀದಿಯಲ್ಲಿ ಎರಡು ಗಂಟೆ ನಿಂತಿದ್ದ. ನನಗೆ ದೊರೆತದ್ದು ಎಷ್ಟು ಮಂದಿಗೆ ದೊರೆಯುತ್ತದೆ?

ಒಂದು ಮಾತು ಮಾತ್ರ ಸರಿಪಡಿಸಬೇಕು. ಅವತ್ತು ನಾನು ಹಾಗೆ ಹೇಳಿದ್ದನ್ನು ಎಲ್ಲರೂ ಮಾಮನ ಮೇಲಿನ ಕನಿಕರ ಅಂದುಕೊಂಡರು. ಕನಿಕರವೂ ಇಲ್ಲ, ಗಿನಿಕರವೂ ಇಲ್ಲ. ನನಗೆ ಅವನು ಬೇಕಾಗಿದ್ದ, ಅಷ್ಟೇ. ಅದನ್ನು ಹೇಳಲು ಏಳು ವರ್ಷದವಳಿಗೆ ಬಾಯಿ ಬರಲಿಲ್ಲ. ಈಗ ಬರುತ್ತದೆ, ಆಗಾಗ ಹೇಳುತ್ತೇನೆ. "ಸಾಕು ಬಿಡೇ, ನಂಗೆ ಕಿವಿ ಕೇಳಿಸಲ್ಲ" ಅಂತ ಮುಖ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ, "ಆಗ ಏನೋ ಅಂದೆಯಲ್ಲ, ಏನು?" ಅಂತ ಮತ್ತೆ ಕೇಳುತ್ತಾನೆ.