ಬದುಕಿದ್ದ ಅಕ್ಕನ ಸಾವಿನ ಇಸವಿ

ಬೀದಿಯವರೆಲ್ಲ ಅವನನ್ನು ಗೋಂದಪ್ಪ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿದ ಕೈ. ಎಷ್ಟು ತೊಳೆದರೂ ಉಗುರಿನ ಸಂದಿಯ ಅಂಟು ಹೋಗುತ್ತಿರಲಿಲ್ಲ. ಕೆಲಸದಲ್ಲಿ ಮಾತ್ರ ಮಹಾ ಹಟಮಾರಿ. ಹೊಲಿಯುವ ಮುಂಚೆ ಪುಟಗಳನ್ನು ಎಣಿಸಿ, ಒಂದೇ ಒಂದು ಕಮ್ಮಿಯಿದ್ದರೂ "ಮೊದಲು ಹುಡುಕಿ ತನ್ನಿ, ಆಮೇಲೆ ನೋಡೋಣ" ಎಂದು ಪುಸ್ತಕ ವಾಪಸ್ ಕೊಡುವ ಆಸಾಮಿ.

ಇಂಥವನಿಗೆ ವಂಶವೃಕ್ಷದ ಹುಚ್ಚು ಹತ್ತಿದರೆ ಕೇಳಬೇಕೆ! ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದ ಒಂದು ಜಾಲತಾಣವನ್ನು ಮಗಳು ತೋರಿಸಿದಳು. ಅಲ್ಲಿ ಅವನ ಅಜ್ಜನ ಹೆಸರು ಸಿಕ್ಕಿತು, ಎದುರಿಗೆ 'ಗೈರುಹಾಜರಿ ಜಾಸ್ತಿ' ಎಂಬ ಷರಾ ಬೇರೆ. ಗೋಂದಪ್ಪ ಬಿದ್ದು ಬಿದ್ದು ನಕ್ಕ. ಅಲ್ಲಿಂದ ಹಳೆಯ ಪತ್ರಿಕೆಗಳ ಸಂಗ್ರಹ, ಹಡಗು ಪ್ರಯಾಣಿಕರ ಪಟ್ಟಿ, ಮದುವೆ ನೋಂದಣಿ, ಒಂದನ್ನೂ ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ವಂಶವೃಕ್ಷ ಕಟ್ಟುವ ಇನ್ನೊಂದು ತಾಣಕ್ಕೆ ತುಂಬಿಸಿದ. ಊಟಕ್ಕೆ ಕರೆದರೆ "ಬಂದೆ ಬಂದೆ, ಮುತ್ತಜ್ಜನ ಮದುವೆ ಒಂದು ಮುಗಿಸಿ ಬರ್ತೀನಿ" ಅನ್ನುತ್ತಿದ್ದ.

ಆ ತಾಣದಲ್ಲೊಂದು ನಿಯಮವಿತ್ತು. ಬದುಕಿರುವವರ ಹೆಸರನ್ನು ಹೊರಗಿನವರಿಗೆ ತೋರಿಸುವುದಿಲ್ಲ. ತೀರಿಕೊಂಡವರದು ಮಾತ್ರ ಎಲ್ಲರಿಗೂ ಕಾಣುತ್ತದೆ. ಅಪ್ಪ ಅಮ್ಮನ ಕೆಳಗೆ ಎರಡು ಚೌಕ, ಒಂದು ಅವನದು, ಇನ್ನೊಂದು ಅಕ್ಕನದು. ಅಕ್ಕನ ಚೌಕದಲ್ಲಿ 'ಇದ್ದಾರೆಯೇ, ತೀರಿಕೊಂಡಿದ್ದಾರೆಯೇ?' ಎಂಬ ಪ್ರಶ್ನೆ. ಖಾಲಿ ಬಿಡುವ ಜಾಯಮಾನ ಅವನದಲ್ಲ, ಮೇಲಾಗಿ ಹಿಂದೆ ಹೆಂಡತಿ ನಿಂತಿದ್ದಳು. 'ತೀರಿಕೊಂಡಿದ್ದಾರೆ' ಎಂದು ಒತ್ತಿ, ಇಸವಿಯನ್ನೂ ಹಾಕಿದ. ಅದು ಅಕ್ಕ ಮನೆ ಬಿಟ್ಟ ಇಸವಿ.

ಅಕ್ಕ ಸತ್ತಿರಲಿಲ್ಲ. ಮೆಚ್ಚಿದವನ ಜೊತೆ ಹೊರಟುಹೋಗಿದ್ದಳು, ಅಷ್ಟೆ. "ನನ್ನ ಪಾಲಿಗೆ ಅವಳು ಸತ್ತಳು" ಎಂದು ಅಪ್ಪ ಕೂಗಾಡಿ, ಆ ಊರನ್ನೇ ಬಿಟ್ಟು ಇಲ್ಲಿಗೆ ಬಂದಿದ್ದ. ಅಪ್ಪನದು ಸಿಟ್ಟಿನ ಮಾತು ಅನ್ನೋಣ. ಆದರೆ ಈ ಮಹಾಶಯ ಮಾಡಿದ್ದೇನು? ಮದುವೆಯ ಮಾತುಕತೆಯ ದಿನ ಹುಡುಗಿ "ನಿಮಗೊಬ್ಬರು ಅಕ್ಕ ಇದ್ರಂತಲ್ಲ?" ಎಂದು ಕೇಳಿದಾಗ, ಎಲ್ಲಿ ಸಂಬಂಧ ತಪ್ಪಿಹೋಗುತ್ತದೋ ಎಂದು ಹೆದರಿ "ಟೈಫಾಯ್ಡ್ ಆಗಿ ಹೋಗ್ಬಿಟ್ಲು" ಎಂದಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗಿ ಅತ್ತುಬಿಟ್ಟಳು. ಆ ಅಳು ನೋಡಿದ ಮೇಲೆ ನಿಜ ಹೇಳಲು ಇಪ್ಪತ್ತೇಳು ವರ್ಷ ಅವನಿಗೆ ಬಾಯೇ ಬರಲಿಲ್ಲ.

ಒಂದು ಬೆಳಿಗ್ಗೆ ತಾಣಕ್ಕೊಂದು ಸಂದೇಶ ಬಂತು. ಮಗಳು ಗಟ್ಟಿಯಾಗಿ ಓದಿದಳು: "ಅಮ್ಮನ ತವರಿನವರನ್ನ ಹುಡುಕ್ತಿದ್ದೆ, ನೀವು ಸಿಕ್ಕಿದ್ರಿ. ನೀವು ತೀರಿಕೊಂಡಿದ್ದಾರೆ ಅಂತ ಹಾಕಿರೋದು ನಮ್ಮಮ್ಮನ್ನೇ. ಪಕ್ಕದಲ್ಲೇ ಕೂತು ಬಟಾಣಿ ಸುಲೀತಿದ್ದಾರೆ. ನಾನು ಏನಾಗಿ ಸತ್ತೆ, ಕೇಳು ಅಂತಿದ್ದಾರೆ." ಕೆಳಗೆ ಫೋನ್ ನಂಬರ್.

"ಅಪ್ಪಾ, ಯಾರೋ ತಮಾಷೆ ಮಾಡ್ತಿದ್ದಾರೆ!" ಎಂದು ಮಗಳು ನಕ್ಕಳು. ಅಡುಗೆಮನೆಯಿಂದ ಬಂದ ಹೆಂಡತಿ ಗಂಡನ ಮುಖ ನೋಡಿದಳು, ನಗಲಿಲ್ಲ.

"ಏನ್ರೀ ಇದು?"

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಗೋಂದಪ್ಪನಿಗೆ. "ಅದು... ಅದೇ ಹೆಸರಿನವರು ಬೇರೆ ಯಾರೋ..." ಎಂದು ಶುರುಮಾಡಿದ. ಹೆಂಡತಿ ರೆಪ್ಪೆ ಮಿಟುಕಿಸಲಿಲ್ಲ. "ಬದುಕಿದ್ದಾಳೆ ಕಣೇ," ಎಂದ ಕೊನೆಗೆ. "ಆಗಲೂ ಬದುಕಿದ್ಲು."

"ನಾನು ಅಷ್ಟು ಅತ್ತಿದ್ದೆನಲ್ರೀ. ನೋಡ್ಕೊಂಡು ಸುಮ್ನಿದ್ರಾ?"

ಗೋಂದಪ್ಪ ಉಗುರಿನ ಅಂಟು ಕೆರೆಯತೊಡಗಿದ. ನಾಚಿಕೆಯಿಂದ ಕಿವಿಯೆಲ್ಲ ಕಾದುಹೋಗಿತ್ತು.

"ಫೋನ್ ಮಾಡಿ. ಈಗಲೇ, ನನ್ನ ಎದುರಿಗೇ. ಸ್ಪೀಕರ್ ಹಾಕಿ."

ಆ ಕಡೆಯಿಂದ ಅಕ್ಕ, ನಿನ್ನೆಯಷ್ಟೇ ಮಾತಾಡಿದವಳಂತೆ, "ಏನೋ, ಚೆನ್ನಾಗಿದ್ದೀಯೇನೋ?" ಎಂದಳು. ಛೀಮಾರಿ ಹಾಕಿದ್ದರೂ ತಡೆದುಕೊಳ್ಳುತ್ತಿದ್ದನೇನೋ.

"ಅಕ್ಕಾ, ತಪ್ಪಾಯ್ತು..."

"ಅದಿರ್ಲಿ ಬಿಡೋ. ಮಕ್ಕಳೆಷ್ಟು?"

"ಒಬ್ಬಳೇ ಮಗಳು."

"ಏನು ಹೆಸರಿಟ್ಟಿದ್ದೀಯ?"

ಗೋಂದಪ್ಪ ಮಗಳ ಮುಖ ನೋಡಿದ. ಸಣ್ಣ ವಯಸ್ಸಿಗೇ ಹೋದ ಗಂಡನ ಅಕ್ಕನ ಹೆಸರಾದರೂ ಮನೆಯಲ್ಲಿ ಉಳಿಯಲಿ ಎಂದು ಹಟ ಹಿಡಿದು ಮಗಳಿಗೆ ಆ ಹೆಸರಿಟ್ಟವಳು ಹೆಂಡತಿ. ಆಗಲೂ ಅವನು ತುಟಿ ಬಿಚ್ಚಿರಲಿಲ್ಲ. ದಿನಕ್ಕೆ ನೂರು ಸಲ ಕರೆಯುವ ಹೆಸರು ಈಗ ನಾಲಿಗೆಗೆ ಬರಲೊಲ್ಲದು. ಮಗಳೇ ಬಗ್ಗಿ ಹೇಳಿದಳು: "ಅತ್ತೆ, ನಿಮ್ಮ ಹೆಸರೇ."

ಆ ಕಡೆ ಬಟಾಣಿಯ ತಟ್ಟೆ ಕೆಳಗಿಟ್ಟ ಸದ್ದು. ಆಮೇಲೆ ಅಕ್ಕ ಬಿಕ್ಕುವುದು ಕೇಳಿಸಿತು. "ಅಯ್ಯೋ ನನ್ನಪ್ಪ, ನನ್ನ ಹೆಸರಿಟ್ಟೆಯೇನೋ! ಅಪ್ಪ ಅಷ್ಟು ಹಾರಾಡಿದ್ರೂ ನೀನೊಬ್ಬ ನನ್ನ ಮರೀಲಿಲ್ಲ ನೋಡು. ಇದೊಂದು ಸಾಕು ಕಣೋ ನಂಗೆ."

ಹೌದು ಅಂದುಬಿಟ್ಟರೆ ಆಗುತ್ತಿತ್ತು. ಹೆಂಡತಿ, ಮಗಳು ಇಬ್ಬರೂ ಅವನನ್ನೇ ನೋಡುತ್ತ ನಿಂತಿದ್ದರು.

"ಇಲ್ಲಕ್ಕ," ಎಂದ ಗೋಂದಪ್ಪ. "ನಾನಿಟ್ಟಿದ್ದಲ್ಲ. ನನ್ನ ಮಾತು ಕೇಳಿ, ನೀನು ಸತ್ತೆ ಅಂತ ನಂಬಿದ್ಲಲ್ಲ ನನ್ನ ಹೆಂಡತಿ, ಅವಳು ಇಟ್ಟಿದ್ದು."