ದೊಡ್ಡಮ್ಮನ ಮಂಡಿನೋವು, ಊರಿನ ಹೆಸರು

ಐ.ಡಿ.ಹಳ್ಳಿ ಕಡೆಯ ನಮ್ಮ ದೊಡ್ಡಮ್ಮ ನೆಲದ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಬೋರ್‌ವೆಲ್ ನೀರಿನ ಫ್ಲೋರೈಡು ಮೂಳೆಗೆ ಇಳಿದಿದೆ. ಹೋದ ವರ್ಷ ಅದನ್ನೇ ಅಧ್ಯಯನ ಮಾಡುವವರು ಮನೆಗೆ ಬಂದರು. ಮಂಡಿಯ ಎಕ್ಸ್‌ರೇ, ಮೂತ್ರಪರೀಕ್ಷೆಯ ವಿವರ ಕೊಡುತ್ತೀರಾ, ಬೇರೆ ಸಂಶೋಧಕರಿಗೂ ತೋರಿಸಬಹುದಾ ಎಂದು ಕೇಳಿದರು. ಒಲ್ಲೆ ಎಂದರೂ ಬೇಸರವಿಲ್ಲ, ಒಪ್ಪಿದರೆ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದರು.

"ಊರೆಸ್ರು?" ಎಂದಳು ದೊಡ್ಡಮ್ಮ.

ಅದು ಇರುತ್ತದಂತೆ. ನೀರಿನ ವಿಷಯವಲ್ಲವೇ.

ನನಗೆ ಮೈಯೆಲ್ಲ ಉರಿಯಿತು. ಆ ವಾರವೇ ಅವಳ ಮಗಳನ್ನು ನೋಡಲು ಪಾವಗಡದ ಕಡೆಯವರು ಬರುವವರಿದ್ದರು. ಆ ಊರಿನ ಹೆಣ್ಣು ತಂದರೆ ನಾಳೆ ಮೂಳೆ ಹಿಡಿದುಕೊಳ್ಳುತ್ತದೆ ಎಂದು ಯಾರಾದರೂ ಕಿವಿ ಊದಿದರೆ ಮುಗಿಯಿತಲ್ಲ! ಹಿಂದೊಂದು ಸಂಬಂಧ ಹಾಗೆಯೇ ತಪ್ಪಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳಬೇಡ ಎಂದು ಗದರಿದೆ. ದೊಡ್ಡಮ್ಮ ನನ್ನ ಕಡೆ ತಿರುಗಲೂ ಇಲ್ಲ. ಗಂಡಿನ ಕಡೆಯವರು ಬಂದುಹೋಗಲಿ, ಆಮೇಲೆ ಹೇಳುತ್ತೇನೆ ಎಂದು ಅಧ್ಯಯನದವರನ್ನು ಕಳಿಸಿದಳು.

ಗಂಡಿನ ತಾಯಿ ಬಂದವಳೇ ಕುರ್ಚಿ ಕೇಳಿದಳು. ಮಿಕ್ಕವರೆಲ್ಲ ಚಾಪೆಯ ಮೇಲೆ, ಆಕೆಯೊಬ್ಬಳು ಮೇಲೆ. ಏನು ಜಂಬವಪ್ಪಾ ಎಂದುಕೊಂಡೆ. ಉಪ್ಪಿಟ್ಟು ಮುಗಿದು, ಹುಡುಗಿ ಒಪ್ಪಿಗೆ ಎನ್ನುವ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ಬಾಯಿ ತೆರೆದಳು.

"ನನ್ ಮೂಳೆಗೆ ನೀರಿನ ಕಾಯ್ಲೆ ಐತೆ ಕಣಕ್ಕ. ಪರೀಕ್ಷೆ ಮಾಡೋರಿಗೆ ಎಲ್ಲಾ ಕೊಡಾನ ಅಂತಿವ್ನಿ. ಊರೆಸ್ರು ಹೊರಕ್ ಬತ್ತದೆ. ನಾಳೆ ಇನ್ಯಾರೋ ಹೇಳಿ ನಿಮ್ಗೆ ತಿಳಿಯೋದ್ ಬ್ಯಾಡ ಅಂತ ಈಗ್ಲೇ ಹೇಳ್ಬುಟ್ಟೆ."

ಅಬ್ಬಾ, ಎಂಥ ಗುಂಡಿಗೆ ಈ ಹೆಂಗಸಿನದು! ಹಿಂದಿನ ದಿನವೇ ಮಗಳನ್ನು ಕೇಳಿದ್ದಳಂತೆ. ಮುಚ್ಚಿಟ್ಟು ಕಟ್ಟಿಸಿಕೊಳ್ಳುವ ತಾಳಿ ನನಗೆ ಬೇಡ ಎಂದಿದ್ದಳಂತೆ ಅವಳೂ. ತಾಯಿಗೆ ತಕ್ಕ ಮಗಳು. ನಾನಾಗಿದ್ದರೆ ಮದುವೆ ಮುಗಿಯುವ ತನಕ ಬಾಯಿ ಹೊಲಿದುಕೊಂಡಿರುತ್ತಿದ್ದೆ.

ಕುರ್ಚಿಯಲ್ಲಿದ್ದ ಗಂಡಿನ ತಾಯಿ ತನ್ನ ಮಂಡಿಯನ್ನು ಒತ್ತಿಕೊಂಡಳು.

"ನಮ್ಮೂರ್ ನೀರೂ ಅಂಗೇಯಾ. ನಂಗೂ ನೆಲದ್ ಮ್ಯಾಲೆ ಕೂರಕ್ಕಾಗಕಿಲ್ಲ," ಎಂದಳು. ಆಮೇಲೆ ದೊಡ್ಡಮ್ಮನ ಮುಖ ನೋಡಿ, "ಅವ್ರನ್ನ ನಮ್ಮನೆಗೂ ಕಳ್ಸು ಬೀಗಿತ್ತಿ," ಎಂದಳು.

ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತೇ ಇದ್ದ ದೊಡ್ಡಮ್ಮ ಆಗ ನನ್ನನ್ನು ಕರೆದು, ತನಗೂ ಒಂದು ಕುರ್ಚಿ ತರಲು ಹೇಳಿದಳು.