ಸೀತಾಫಲದ ಬಂಡೆಸಂದು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಡುಪ್ರಾಣಿಗಳ ಫೋಟೊ ತೆಗೆಯುತ್ತೇನೆ ಎಂದ ಕೂಡಲೇ ಜನ ನನ್ನನ್ನು ಎಂಟೆದೆಯ ಬಂಟ ಅಂದುಕೊಳ್ಳುತ್ತಾರೆ. ರಾಂಪುರ, ಮೊಳಕಾಲ್ಮೂರು ಕಡೆ ಮದುವೆ ಫೋಟೊ ತೆಗೆದು ಬದುಕುವವನು ನಾನು. ಚಳ್ಳಕೆರೆ ಪೇಟೆಯಲ್ಲಿ ಹಳೆಯ ಉದ್ದನೆಯ ಲೆನ್ಸೊಂದನ್ನು ಕೊಂಡಿದ್ದೇ, ಹತ್ತಿರ ಹೋಗದೆ ಎಲ್ಲವನ್ನೂ ಹತ್ತಿರದಿಂದ ನೋಡಬಹುದು ಅಂತ. "ಬೇಫಿಕರ್ ತಗೊಂಡ್ಹೋಗ್ರಿ, ಚಿರತೆ ಮೀಸೆನೂ ಎಣಿಸ್ಬೋದು" ಅಂದರು ಅಂಗಡಿಯ ಸಾಹೇಬರು. ಚಿರತೆಯ ಹೆಸರು ಕೇಳಿಯೇ ನನ್ನ ಅಂಗೈ ಬೆವರಿತು.

ಮೊದಮೊದಲು ಒಂದೊಂದೇ ಜೀವದ ಫೋಟೊ ತೆಗೆಯುತ್ತಿದ್ದೆ, ಮದುಮಗಳನ್ನು ಕೂರಿಸಿ ತೆಗೆಯುವ ಹಾಗೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಯಾವ ಫೋಟೊದಲ್ಲೂ ಯಾರೂ ಒಂಟಿಯಾಗಿರುತ್ತಿರಲಿಲ್ಲ. ಚಳ್ಳಕೆರೆಯ ಕಾವಲಿನಲ್ಲಿ ಮೇಯುತ್ತಿದ್ದ ದನದ ಫೋಟೊ ತೆಗೆದರೆ, ಅದರ ಕಾಲಡಿ ಸಗಣಿ ಉರುಳಿಸುವ ಹುಳ, ಹುಳದ ಮೇಲೆ ಕಣ್ಣಿಟ್ಟ ಹಕ್ಕಿ, ಹಿಂದೆ ಹುಲ್ಲಿನ ನಡುವೆ ಎರಡು ಕಿವಿ. ಆ ಕಿವಿ ತೋಳದ್ದೋ ನಾಯಿಯದೋ ಇವತ್ತಿಗೂ ಗೊತ್ತಿಲ್ಲ. ಒಬ್ಬರ ಬದುಕು ಇನ್ನೊಬ್ಬರ ಬಾಯಿಗೆ ಕಟ್ಟಿಕೊಂಡಿದೆ ಅಂತ ಶಾಲೆಯಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆ. ಆ ಗಂಟಿನಲ್ಲಿ ನಮ್ಮ ಮನೆಯೂ ಸಿಕ್ಕಿಕೊಂಡಿದೆ ಅಂತ ಪಾಠದಲ್ಲಿ ಇರಲಿಲ್ಲ.

ನಮ್ಮ ಮನೆ ಊರಿನ ಕೊನೆಯದು. ಹಿತ್ತಿಲು ದಾಟಿದರೆ ಬಂಡೆಗುಡ್ಡ, ಅದರಾಚೆ ಜಟಿಂಗ ರಾಮೇಶ್ವರದ ಕಡೆಗೆ ಹೋಗುವ ಬೆಟ್ಟಸಾಲು. ಒಂದು ದಿನ ಗುಡ್ಡದ ಮೇಲೆ ಹಳೆಯ ಕರಡಿ ಲದ್ದಿಯ ರಾಶಿಯಿಂದ ಪುಟ್ಟ ಸಸಿಗಳು ಎದ್ದಿದ್ದವು. ಕೂತು, ಬಗ್ಗಿ, ಖುಷಿಯಿಂದ ಫೋಟೊ ಹೊಡೆದೆ. ಲದ್ದಿಯಲ್ಲಿ ಮಿರಿಮಿರಿ ಕಪ್ಪು ಬೀಜ, ಎಲ್ಲ ಸೀತಾಫಲದ್ದು. ಅಂದರೆ ಗುಡ್ಡದ ಸೀತಾಫಲದ ಗಿಡಗಳಲ್ಲಿ ಎಷ್ಟೋ ಗಿಡ ಕರಡಿಯೇ ತಿಂದು ಬಿತ್ತಿದ್ದು! ಎಷ್ಟು ಚೆಂದ ಅಂದುಕೊಂಡು ಮೇಲೇಳುವಷ್ಟರಲ್ಲಿ ಎದೆ ಝಲ್ಲೆಂದಿತು. ಆ ಗಿಡಗಳ ಹಣ್ಣು ಕೀಳುವವಳು ನಮ್ಮ ಅವ್ವ.

ಹಬ್ಬದ ಕಾಲಕ್ಕೆ ಸೀತಾಫಲ ಕಣ್ಣು ಬಿಡುತ್ತಲೇ ನಮ್ಮೂರಿನ ಹೆಂಗಸರು ಗುಡ್ಡ ಹತ್ತುತ್ತಾರೆ. ಕಾಯಿ ಕಿತ್ತು ಅಲ್ಲೇ ಬಂಡೆಸಂದಿನಲ್ಲಿ ಒಣಹುಲ್ಲು ಹಾಸಿ ಹಣ್ಣಿಗೆ ಹಾಕಿ, ಸಂದಿನ ಬಾಯಿಗೆ ಕಲ್ಲು ಮುಚ್ಚುತ್ತಾರೆ. ಮೆತ್ತಗಾದ ಮೇಲೆ ಬುಟ್ಟಿಗೆ ತುಂಬಿಕೊಂಡು ಬಳ್ಳಾರಿ ರಸ್ತೆಗೆ ಇಳಿಯುತ್ತಾರೆ. ಒಬ್ಬೊಬ್ಬರದು ಒಂದೊಂದು ಸಂದು, ಅದು ಎಲ್ಲಿದೆ ಅಂತ ಸ್ವಂತ ಅಕ್ಕತಂಗಿಯರಿಗೂ ಹೇಳುವುದಿಲ್ಲ. ಹಾಗಾಗಿ ಊರಲ್ಲಿ ಬಾಯಿ ಮುಚ್ಚದ ನಮ್ಮ ಅವ್ವ ಗುಡ್ಡ ಹತ್ತುವಾಗ ಬಳೆಯ ಸದ್ದೂ ಬರದ ಹಾಗೆ ಸೆರಗನ್ನು ಕೈಗೆ ಸುತ್ತಿಕೊಂಡು ಹೋಗುತ್ತಿದ್ದಳು. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಸದ್ದು ಕೇಳಿದರೆ ದೂರ ಸರಿಯುತ್ತದೆ, ಥಟ್ಟನೆ ಎದುರಾದರೆ ಮುಖವನ್ನೇ ಕಿತ್ತುಹಾಕುತ್ತದೆ. ಘಮಘಮಿಸುವ ಹಣ್ಣು, ಸದ್ದಿಲ್ಲದ ಹೆಂಗಸು. ಇವೆರಡನ್ನೂ ಸೇರಿಸಿ ಯೋಚಿಸಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಅವ್ವನಿಗೆ ಫೋಟೊ ತೋರಿಸಿದೆ. "ಕರಡಿ ಏನು ಇವತ್ತು ಬಂದೈತಾ? ನಾನು ಲಗ್ನ ಆಗಿ ಬಂದಾಗಿಂದ್ಲೂ ಐತೆ. ನಿನ್ನಂಗೆ ಹೆದರ್ಕೊಂಡು ಕುಂತ್ರೆ ಹೊಟ್ಟೆಗೇನು ತಿನ್ನಾದು?" ಅಂದಳು. ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದಳು, ಸಂದು ಗೊತ್ತಾಗುತ್ತದಲ್ಲ! ಮಗನ ಮೇಲೂ ನಂಬಿಕೆ ಇಲ್ಲ. ಸಿಟ್ಟು ಬಂತು. ಮಾರನೆಯ ಬೆಳಿಗ್ಗೆ ಅವಳಿಗೆ ಹೇಳದೆ ಎದುರಿನ ದಿಣ್ಣೆ ಹತ್ತಿ ಲೆನ್ಸ್ ಹಿಡಿದು ಕೂತೆ.

ನಡುವೆ ಒಂದು ಹಳ್ಳ. ಆಚೆ ಅವ್ವ ಗಿಡದಿಂದ ಗಿಡಕ್ಕೆ ಹೋಗುವುದು ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಅವಳು ಅತ್ತಿತ್ತ ನೋಡಿ ಒಂದು ದೊಡ್ಡ ಬಂಡೆಯ ಕಡೆ ತಿರುಗಿದಳು. ನಾನೂ ಲೆನ್ಸನ್ನು ಅತ್ತ ತಿರುಗಿಸಿದೆ. ಬಂಡೆಯ ಇನ್ನೊಂದು ಪಕ್ಕದಲ್ಲಿ ನೆರಳು ಅಂದುಕೊಂಡದ್ದು ಅಲುಗಿತು. ಮುಚ್ಚಿದ ಕಲ್ಲು ಪಕ್ಕಕ್ಕೆ ಉರುಳಿತ್ತು, ಸಂದಿನೊಳಗೆ ತಲೆ ತೂರಿಸಿ ಕರಡಿ ಹಣ್ಣು ತಿನ್ನುತ್ತಿತ್ತು. ಬೆನ್ನ ಮೇಲೆ ಮರಿ.

ಕೂಗಬೇಕು. ಕೂಗಿದರೆ ಅದು ಬೆದರಿ ಅವ್ವನ ಕಡೆಗೇ ಓಡಿದರೆ? ಕೂಗದಿದ್ದರೆ, ಬಂಡೆ ಸುತ್ತಿದ ಕೂಡಲೇ ಇಬ್ಬರೂ ಎದುರುಬದುರು. ಅವ್ವ ಬಂಡೆಗೆ ಕೈ ಊರಿ ಇನ್ನೇನು ತಿರುಗಬೇಕು, ಆಗ ನನ್ನ ಗಂಟಲಿನಿಂದ ಅದು ಹೇಗೆ ಬಂತೋ, "ಅವ್ವಾ!" ಅಂತ ಗುಡ್ಡವೆಲ್ಲ ಮೊಳಗಿತು.

ಅವ್ವ ನಿಂತಳು. ನಿಂತವಳು ನನ್ನ ಕಡೆ ತಿರುಗಿ, ಬಾಯಿ ಮುಚ್ಚು ಅಂತ ಕೋಪದಿಂದ ಕೈ ಬೀಸಿದಳು! ಸಂದಿನ ಗುಟ್ಟು ರಟ್ಟಾಗುತ್ತದೆ ಅಂತ. ಬಂಡೆಯಾಚೆ ಕರಡಿ ತಲೆ ಹೊರಗೆಳೆದು ಎದ್ದು ನಿಂತು ನನ್ನ ಕಡೆ ಮೂಗೆತ್ತಿತು. ನಾನು ಕಿರುಚುತ್ತಲೇ ಇದ್ದೆ, ಏನು ಕಿರುಚಿದೆನೋ ನೆನಪಿಲ್ಲ. ಕರಡಿ ಹೂಂಕರಿಸಿ, ಮರಿಯನ್ನು ಹೊತ್ತುಕೊಂಡೇ ಮೇಲಿನ ಪೊದೆಗೆ ನುಗ್ಗಿತು. ಆ ಸದ್ದಿಗೆ ಅವ್ವ ತಿರುಗಿ ನೋಡಿದಳು. ಅವಳ ತವರು ಆಂಧ್ರದ ಕಡೆ, ಹೆದರಿದಾಗ ಮಾತ್ರ ಬಾಯಿಗೆ ತೆಲುಗು ಬರುತ್ತದೆ. "ಎಲುಗುಬಂಟಿ ರಾ!" ಕರಡಿ ಕಣೋ, ಅನ್ನುತ್ತಾ ಕರಡಿ ಹೋದ ದಿಕ್ಕನ್ನೇ ನೋಡಿಕೊಂಡು ಅಲ್ಲೇ ಕುಸಿದು ಕೂತಳು.

ಹಳ್ಳ ಇಳಿದು, ಮುಳ್ಳಲ್ಲಿ ಬಿದ್ದೆದ್ದು, ಅವಳ ಬಳಿ ಹೋದೆ. ಬುಟ್ಟಿ ಹೊರುವ ಸಿಂಬೆಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. "ಊರಿಗೆಲ್ಲಾ ಕೇಳ್ಸಂಗೆ ಕೂಗ್ದೆಲ್ಲೋ" ಅಂತ ಬೈದಳು. ಬೈಯುತ್ತಲೇ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಮನೆ ಮುಟ್ಟುವವರೆಗೂ ಬಿಡಲಿಲ್ಲ.

ನನ್ನ ಬೆರಳು ಯಾವಾಗಲೋ ಗುಂಡಿ ಒತ್ತಿಬಿಟ್ಟಿತ್ತು. ಫೋಟೊದಲ್ಲಿ ಬಂಡೆಯ ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ಕರಡಿ. ಒಬ್ಬರಿಗೊಬ್ಬರು ಕಂಡಿಲ್ಲ. ಇಬ್ಬರೂ ನೋಡುತ್ತಿರುವುದು ನನ್ನನ್ನು. ಮನೆಯಲ್ಲಿ ತೋರಿಸಿದಾಗ ಅವ್ವ ಮರಿಯ ಮೇಲೆ ಬೆರಳಿಟ್ಟು, "ಬಾಣಂತಿ ಕಣೋ ಅದು" ಅಂದಳು.

ಈಗ ಅವ್ವ ಗುಡ್ಡಕ್ಕೆ ಹೋಗುವಾಗ ಜೋರಾಗಿ ಮಾತಾಡುತ್ತಾಳೆ, ಯಾರೂ ಇಲ್ಲದಿದ್ದರೂ ನನ್ನನ್ನೇ ಬೈಯುತ್ತಾ ಹತ್ತುತ್ತಾಳೆ. ಅಲ್ಲಿ ಹಣ್ಣಿಗೆ ಹಾಕುವುದನ್ನು ಬಿಟ್ಟಿದ್ದಾಳೆ. ಕಾಯಿಗಳನ್ನು ಮನೆಗೇ ತಂದು ತನ್ನ ಮಂಚದ ಕೆಳಗೆ ರಾಗಿಹುಲ್ಲಿನಲ್ಲಿ ಇಡುತ್ತಾಳೆ. ಗೆದ್ದೆ ಅಂದುಕೊಂಡಿದ್ದೆ. ಆದರೆ ಮೊನ್ನೆಯಿಂದ ಮನೆಯೆಲ್ಲ ಅದೇ ಘಮ. ನಮ್ಮದು ಗುಡ್ಡಕ್ಕೆ ಅಂಟಿಕೊಂಡ ಮನೆ. ಹೊತ್ತು ಮುಳುಗುವ ಮೊದಲೇ ಹಿಂಬಾಗಿಲಿಗೆ ಅಗುಳಿ ಹಾಕಿ, ಕಿಟಕಿಯ ಬಾಗಿಲುಗಳನ್ನು ಒತ್ತಿ ಮುಚ್ಚಿದೆ.

"ಮುಚ್ಚಿಟ್ರೆ ಹಣ್ಣು ಕೊಳೀತಾವಲೇ, ಗಾಳಿ ಆಡ್ಲಿ" ಅಂದಳು ಅವ್ವ. ಎದ್ದುಹೋಗಿ ಗುಡ್ಡದ ಕಡೆಯ ಕಿಟಕಿಯನ್ನು ಪೂರ್ತಿ ತೆರೆದಳು.